ಚಿನ್ನದ ಹಿಂದೆ ಬಂದ ರೈಲು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕ್ಲೈಡ್ ಎಂಬ ಪುಟ್ಟ ಊರಿದೆ. ಊರ ಪಕ್ಕದಲ್ಲೇ ದೈತ್ಯ ಅಣೆಕಟ್ಟು. ಅದರ ಹಿಂದಿನ ಕಮರಿಯಲ್ಲಿ 1862ರ ಚಳಿಗಾಲದಲ್ಲಿ ಹಾರ್ಟ್ಲಿ ಮತ್ತು ರೈಲಿ ಎಂಬಿಬ್ಬರು ಕ್ಲೂಥಾ ನದಿಯ ಮರಳನ್ನು ಗುಟ್ಟಾಗಿ ಜಾಲಿಸಿ 87 ಪೌಂಡ್ ಚಿನ್ನ ತೆಗೆದಿದ್ದರು. ಸುದ್ದಿ ಡುನೆಡಿನ್ ಮುಟ್ಟಿದ್ದೇ ತಡ, ಜನ ಸಾವಿರಗಟ್ಟಲೆ ನುಗ್ಗಿದರು. ರೈಲು ಕ್ಲೈಡಿಗೆ ಬಂದದ್ದು 1907ರಲ್ಲಿ; ನುಗ್ಗಿದವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಜಾಗ ಖಾಲಿ ಮಾಡಿದ್ದರು. ಕುರಿ, ಉಣ್ಣೆ, ಹಣ್ಣು ಹೊತ್ತು ಬದುಕಿದ ಆ ರೈಲು ಕೊನೆಗಾಲದಲ್ಲಿ ಅಣೆಕಟ್ಟಿನ ಸಾಮಾನನ್ನೂ ಸಾಗಿಸಿತು. ಅಣೆಕಟ್ಟಿನ ನೀರು ಚಿನ್ನ ಸಿಕ್ಕ ಕಮರಿಯನ್ನೂ ಅಲ್ಲಿದ್ದ ಹಳಿಯ ಜಾಡನ್ನೂ ನುಂಗಿತು. 1990ರಲ್ಲಿ ರೈಲು ನಿಂತಿತು. ಹಳಿ ಕಿತ್ತ ದಾರಿ 2000ದಿಂದ ಸೈಕಲ್ಲಿನವರ ಪಾಲು: ಮಿಡ್ಲ್‌ಮಾರ್ಚ್‌ವರೆಗೆ 152 ಕಿ.ಮೀ.

ಬಾಡಿಗೆ ಸೈಕಲ್ ಏರಿ ಹೊರಟೆ. ಬಂಡೆಗಳ ಸಂದಿಯಲ್ಲೆಲ್ಲ ಕಾಡು ಥೈಮ್ ಗಿಡ. ಗಾಳಿ ಬೀಸಿದರೆ ಓಮದ ಕಾಳು ಅಂಗೈಯಲ್ಲಿ ಉಜ್ಜಿದಂಥ ಘಮ. ಚಿನ್ನದ ಈ ನಾಡಿನಲ್ಲಿ ಸಾಗುವಾಗ ಬೆಂಗಳೂರಿನ ಲ್ಯಾವೆಲ್ ರಸ್ತೆ ನೆನಪಾಯಿತು. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದ ಐರಿಷ್ ಸೈನಿಕ ಮೈಕೆಲ್ ಲ್ಯಾವೆಲ್ ತಾನೇ 1870ರ ದಶಕದಲ್ಲಿ ಕೋಲಾರದ ನೆಲ ಅಗೆಯಲು ಮೈಸೂರು ಸಂಸ್ಥಾನದ ಪರವಾನಗಿ ಪಡೆದದ್ದು! ನಮ್ಮಲ್ಲಿ ಚಿನ್ನಕ್ಕಾಗಿ ಪಾತಾಳಕ್ಕೇ ಇಳಿದರು. ಇಲ್ಲಿ ಮೊದಲು ಬಂದವರಿಗೆ ಒಂದು ತಟ್ಟೆ, ಒಂದು ಸಲಿಕೆ ಸಾಕಾಗಿತ್ತು.

ಪೂಲ್‌ಬರ್ನ್ ಕಮರಿಗೆ ಬಂದಾಗ ಮಾತ್ರ ಸೈಕಲ್ಲಿನಿಂದ ಇಳಿಯಲೇಬೇಕಾಯಿತು. ಗುಡ್ಡ ಕೊರೆದ ಎರಡು ಸುರಂಗಗಳು, ಎರಡೂ ಇನ್ನೂರು ಮೀಟರಿಗೆ ಮೇಲ್ಪಟ್ಟವು. ಬೆಳಕಿಲ್ಲ. ಸುರಂಗ ಬಾಗಿರುವುದರಿಂದ ಒಳಹೊಕ್ಕ ಸ್ವಲ್ಪ ಹೊತ್ತಿಗೇ ಎರಡೂ ಬಾಯಿ ಮಾಯ. ಟಾರ್ಚಿನ ಬೆಳಕಿಗೆ ಗೋಡೆಯ ಕಲ್ಲು ಹಾಳೆಹಾಳೆಯಾಗಿ ಮಿನುಗಿತು. ಚಿನ್ನವೇನಲ್ಲ, ಅಭ್ರಕ, ಆದರೂ ಕೈ ತಾನಾಗಿ ಮುಂದೆ ಹೋಗಿ ಸವರಿತು. ಹೊರಬಿದ್ದರೆ ಸೇತುವೆ. 37 ಮೀಟರ್ ಕೆಳಗೆ ಹೊಳೆ. ಅದೇ ಪದರಗಲ್ಲನ್ನು ಕಡೆದು ಕಟ್ಟಿದ ಕಂಬಗಳು ಬಂಡೆಯೊಳಗಿಂದಲೇ ಬೆಳೆದಂತಿವೆ. ನೂರಾರು ಕೂಲಿಗಳು ಈ ಕಮರಿಯಲ್ಲೇ ಬಿಡಾರ ಹೂಡಿ, ಹೆಪ್ಪುಗಟ್ಟುವ ಚಳಿಯಲ್ಲಿ ಇದನ್ನು ಕಟ್ಟಿದರು. ಹತ್ತಿರದ ಓಫಿರ್‌ನಲ್ಲಿ 1995ರಲ್ಲಿ ಉಷ್ಣತೆ ಸೊನ್ನೆಗಿಂತ 21.6 ಡಿಗ್ರಿ ಕೆಳಗಿಳಿದಿತ್ತು ಎಂದರೆ ಅವರ ಬೆರಳುಗಳ ಗತಿ ಊಹಿಸಿಕೊಳ್ಳಿ. ಚಿನ್ನ ಹೆಕ್ಕಿದವರಿಗಿಂತ ಇವರ ಮೇಲೆಯೇ ನನಗೆ ಗೌರವ ಹೆಚ್ಚು.

ಅಲ್ಲಿಂದಾಚೆ ಮ್ಯಾನಿಯೊಟೋಟೊ ಬಯಲು. ಆಕಾಶಕ್ಕೆ ಅಂಚೇ ಇಲ್ಲ. ಹೊಂಬಣ್ಣದ ಒಣಹುಲ್ಲು, ದೂರದಲ್ಲಿ ಹಾಕ್‌ಡನ್ ಬೆಟ್ಟಸಾಲು. 618 ಮೀಟರ್ ಎತ್ತರದ ನೆತ್ತಿ ದಾಟಿದ್ದೂ ತಿಳಿಯಲಿಲ್ಲ. ಉಗಿಬಂಡಿಗೆಂದು ಹದಮಾಡಿದ ಏರು, ತೊಡೆಗಳಿಗೆ ಕರುಣೆ ತೋರುತ್ತದೆ.

ದಾರಿಯುದ್ದಕ್ಕೂ ಇಲ್ಲಿಯವರು ಸೌರವ್ಯೂಹವನ್ನೇ ಹರಡಿಟ್ಟಿದ್ದಾರೆ, ಹತ್ತು ಕೋಟಿ ಪಟ್ಟು ಕುಗ್ಗಿಸಿ. ರ‍್ಯಾನ್‌ಫರ್ಲಿ ಊರಿನಲ್ಲಿ ಸೂರ್ಯ. ಭೂಮಿ ಅಲ್ಲಿಂದ ಒಂದೂವರೆ ಕಿ.ಮೀ. ದೂರ. ಸೈಕಲ್ ತುಳಿಯುತ್ತಲೇ ಲೆಕ್ಕ ಹಾಕಿದೆ: ಈ ಅಳತೆಯಲ್ಲಿ ಬೆಳಕಿನ ವೇಗ ಗಂಟೆಗೆ 11 ಕಿ.ಮೀ. ಕೂಡ ಆಗುವುದಿಲ್ಲ. ಅಂದರೆ ನಾನು ಬೆಳಕನ್ನು ಹಿಂದಿಕ್ಕಿದ್ದೆ! ಆ ಜಂಬದಲ್ಲಿ ಇರುವಾಗಲೇ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಗಂಟೆ ಬಾರಿಸಿ, ನಗುತ್ತ ಕೈಬೀಸಿ, ನನ್ನನ್ನು ಹಿಂದಿಕ್ಕಿ ಹೋದರು.