ಸೋತರೆ ನಗು

ಹಾಡಿನಲ್ಲಿ ಸೋಲು ಗೆಲುವು ನಮಗೆ ಹೊಸತಲ್ಲ. ಬಹುಮಾನದ ಬಟ್ಟಲು ಕೈತಪ್ಪಿತೆಂದು ಕಣ್ಣೀರಿಡುವ ಗಾಯಕ ಗಾಯಕಿಯರನ್ನು ಕಾಲೇಜಿನ ಸ್ಪರ್ಧೆಗಳಲ್ಲಿ ವರ್ಷವರ್ಷವೂ ಕಾಣುತ್ತೇನೆ. ಆದರೆ ನಕ್ಕವರು ಸೋತರು ಎಂಬ ನಿಯಮವುಳ್ಳ ಹಾಡೊಂದು ಈ ಭೂಮಿಯ ಮೇಲಿದೆ. ಅಲ್ಲಿ ಸೋತವಳು ನಗುತ್ತಾಳೆ. ಮರುಗಳಿಗೆಯಲ್ಲಿ ಗೆದ್ದವಳೂ ನಗುತ್ತಾಳೆ.

ಕೆನಡಾ ದೇಶದ ಉತ್ತರದ ಹಿಮಸೀಮೆಯಲ್ಲಿ ಬಾಳುವ ಇನುಯಿಟ್ ಹೆಂಗಸರ ಆಟ ಇದು. ಕಟಜ್ಜಕ್ ಎಂಬುದು ಇದಕ್ಕಿರುವ ಹೆಸರುಗಳಲ್ಲೊಂದು. ಇಬ್ಬರು ಎದುರೆದುರು ನಿಂತು ಒಬ್ಬರ ತೋಳನ್ನೊಬ್ಬರು ಹಿಡಿಯುತ್ತಾರೆ. ಮೊದಲಿನವಳು ಗಂಟಲಿನ ಆಳದಿಂದ ಚಿಕ್ಕದೊಂದು ದನಿ ಹೊರಡಿಸುತ್ತಾಳೆ. ಅವಳು ಬಿಟ್ಟ ಎಡೆಯಲ್ಲಿ ಎರಡನೆಯವಳು ತನ್ನ ದನಿಯನ್ನು ಸೇರಿಸುತ್ತಾಳೆ. ಉಸಿರು ಬಿಡುವಾಗಲೂ ದನಿ, ಎಳೆದುಕೊಳ್ಳುವಾಗಲೂ ದನಿ. ವೇಗ ಏರಿದಂತೆ ಯಾವುದು ಯಾರ ಗಂಟಲೆಂದೇ ತಿಳಿಯದು. ಎಡೆ ತಪ್ಪಿದರೆ, ದಮ್ಮು ಸಾಲದಾದರೆ, ನಗು ಬಂದರೆ ಆಟ ಮುಗಿಯಿತು. ಮಂಗೋಲಿಯಾ, ತುವಾ ಸೀಮೆಗಳ ಗಂಟಲಗಾಯನ ಬೇರೆ. ಅಲ್ಲಿ ಒಬ್ಬನೇ ಗಾಯಕ ಏಕಕಾಲಕ್ಕೆ ಎರಡು ಸ್ವರ ಕೇಳಿಸುತ್ತಾನೆ; ಇಲ್ಲಿ ಇಬ್ಬರು ಸೇರಿ ಒಂದಾಗುತ್ತಾರೆ.

ಪದಕ್ಕೆ ಅರ್ಥ ಹೇಳಿ ಹೊಟ್ಟೆ ಹೊರೆಯುವವನು ನಾನು. ಈ ಹಾಡಿನ ಧ್ವನಿಮುದ್ರಣವನ್ನು ಕೇಳುತ್ತಿದ್ದಾಗಲೂ ಕಿವಿ ತಾನಾಗಿಯೇ ಪದಗಳನ್ನು ಅರಸಿತು. ಸಿಕ್ಕಿದ್ದರೆ ಎಲ್ಲೋ ಒಂದು ಊರಿನ ಹೆಸರು, ಯಾವಳೋ ಅಜ್ಜಿಯ ಹೆಸರು ಸಿಕ್ಕೀತು. ಉಳಿದುದೆಲ್ಲ ಹೆಬ್ಬಾತುಗಳ ಕೂಗು, ಗಾಳಿ, ನಾಯಿಮರಿಯ ಕುಂಯ್‌ಗುಟ್ಟುವಿಕೆ, ಹಿಮದ ಮೇಲೆ ಜಾರುವ ಬಂಡಿಯ ಸದ್ದು. ಇದಕ್ಕೆ ಟಿಪ್ಪಣಿ ಬರೆಯುವ ಪಂಡಿತನುಂಟೆ? ಗಂಡಸರು ಬೇಟೆಗೆ ಹೋದ ದೀರ್ಘದಿನಗಳಲ್ಲಿ ಹೊತ್ತು ಕಳೆಯಲು, ಮಕ್ಕಳನ್ನು ನಲಿಸಲು ಹೆಂಗಸರಿಗೆ ಅಷ್ಟೇ ಸಾಕಾಗಿತ್ತು.

ಇಂಥ ನಗುವಿಗೂ ಕಂಟಕ ಬಂದಿತು. 20ನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿಗೆ ಹೋದ ಪಾದ್ರಿಗಳು ಹಲವೆಡೆ ಇದನ್ನು ನಿಷೇಧಿಸಿದರು. ಮುಂದೆ ವಸತಿಶಾಲೆಗಳು ಮಕ್ಕಳನ್ನು ತಾಯಂದಿರಿಂದ ಅಗಲಿಸಿದವು. ಬರೆದ ಹಾಡಾದರೆ ಪೆಟ್ಟಿಗೆಯ ತಳದಲ್ಲಿ ಅವಿತಿರಬಹುದು. ಇದು ಅಜ್ಜಿಯ ಉಸಿರು ಕೆನ್ನೆಗೆ ತಾಗುವಷ್ಟು ಹತ್ತಿರ ನಿಂತು ಕಲಿಯತಕ್ಕದ್ದು. ಎದುರಿಗೆ ನಿಲ್ಲುವವಳಿಲ್ಲವಾದರೆ ಬಲ್ಲವಳೂ ಮೂಕಿಯೇ. ಈ ಹಾಡು ಅಳಿಯಲು ಇಬ್ಬರೂ ಇಲ್ಲವಾಗಬೇಕಿಲ್ಲ. ಒಬ್ಬಳು ಇಲ್ಲವಾದರೆ ಸಾಕು.

ಹಾಗಾಗಲಿಲ್ಲ. ಕೆಲವು ಅಜ್ಜಿಯರು ಮರೆತಿರಲಿಲ್ಲ; ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಹುಡುಗಿಯರು ಅವರೆದುರು ನಿಂತು ಕಲಿತರು. 2014ರಲ್ಲಿ ಕ್ವಿಬೆಕ್ ಪ್ರಾಂತದ ಸರ್ಕಾರ ಇದನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ತಾನ್ಯಾ ತಗಾಕ್ ಎಂಬ ಇನುಯಿಟ್ ಗಾಯಕಿಗೆ ಕೆನಡಾದ ಪೊಲಾರಿಸ್ ಸಂಗೀತ ಬಹುಮಾನ ಬಂದಿತು. ಆಕೆ ಮನೆಯಿಂದ ಬಹುದೂರ ಹ್ಯಾಲಿಫ್ಯಾಕ್ಸಿನಲ್ಲಿ ಓದುತ್ತಿದ್ದಾಗ ತಾಯಿ ಈ ಹಾಡುಗಳ ಧ್ವನಿಸುರುಳಿಗಳನ್ನು ಕಳಿಸಿಕೊಟ್ಟರಂತೆ. ಎದುರಿಗೆ ನಿಲ್ಲಲು ಜೊತೆಯವಳಿಲ್ಲ. ಎರಡು ಗಂಟಲಿನ ಕೆಲಸವನ್ನು ಒಂದೇ ಗಂಟಲಿಗೆ ಕಲಿಸಿದರು.

ಅದು ದೊಡ್ಡ ಸಾಧನೆಯೇ ಸರಿ. ಆದರೂ ನನ್ನ ಮನಸ್ಸು ಒಲಿಯುವುದು, ದಮ್ಮು ತಪ್ಪಿ ನಕ್ಕು ಒಬ್ಬರ ಹೆಗಲಿಗೊಬ್ಬರು ಒರಗುವ ಆ ಇಬ್ಬರು ಹುಡುಗಿಯರಿಗೆ. ಅದರ ಅರ್ಥವನ್ನು ವಿವರಿಸಿರಿ ಎಂದು ಯಾವ ಪರೀಕ್ಷಕನೂ ಕೇಳಲಾರ.