ಕೀಲಿಗೆ ಯಾವ ಅಂಟು?

ಮಾಡೆಲ್ ವಿಮಾನ ಕಟ್ಟೋರು ಮೋಟಾರು, ಬ್ಯಾಟರಿ, ಬಣ್ಣದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ. ಅಂಟಿನ ಬಗ್ಗೆ ಕೇಳಿ ನೋಡಿ, "ಯಾವುದೋ ಒಂದು ಗಟ್ಟಿ ಇರೋದು" ಅಂತ ಮುಗಿಸಿಬಿಡ್ತಾರೆ.

ನನ್ನ ಅಕ್ಕನ ಮಗನೂ ಹಾಗೇ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಾನೆ. ರಜಕ್ಕೆ ಹಂಪಸಾಗರಕ್ಕೆ ಬರುವಾಗ ಅರ್ಧ ಕಟ್ಟಿದ ಬಾಲ್ಸಾ ಕಟ್ಟಿಗೆಯ ವಿಮಾನವನ್ನ ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದಿದ್ದ. ರಿಮೋಟ್‌ನಲ್ಲಿ ಹಾರೋದು. ರೆಕ್ಕೆಯ ಐಲೆರಾನ್, ಬಾಲದ ಎಲೆವೇಟರ್, ರಡ್ಡರ್ ಇವಕ್ಕೆ ಹಿಂಜ್ ಕೂರಿಸೋದು ಬಾಕಿ ಇತ್ತು. ಹಿಂಜ್ ಅಂದ್ರೆ ಮತ್ತೇನಿಲ್ಲ, ನಮ್ಮ ಬಾಗಿಲ ಕೀಲೇ. ಆದ್ರೆ ಉಗುರಿನಷ್ಟು ಸಣ್ಣದು.

"ಮಾಮ, ಎಲ್ಲಕ್ಕಿಂತ ಗಟ್ಟಿ ಅಂಟು ಯಾವ್ದು?" ಅಂದ.

ಗಟ್ಟಿ ಇದ್ರೆ ಸಾಲದು ಕಣೋ ಅಂದೆ. ಕೀಲಿನ ಎರಡೂ ತುದಿ ಕಟ್ಟಿಗೆಯಿಂದ ಕಿತ್ತು ಬರಬಾರದು, ನಡುವಿನ ಮಡಿಕೆ ಮಾತ್ರ ಸರಾಗ ಆಡಬೇಕು. ಹಿಡಿಯೋದೂ ಬಿಡೋದೂ ಎರಡೂ ಅಂಟಿನ ಕೆಲಸಾನೇ. ಇದು ಬರೀ ಆಟದ ವಿಷಯವೂ ಅಲ್ಲ. ವಿಮಾನ ಗಂಟೆಗೆ 50-60 ಕಿ.ಮೀ. ವೇಗದಲ್ಲಿ ಹೋಗ್ತಿರುತ್ತೆ. ಎಲೆವೇಟರ್ ಕಿತ್ತು ಬಂದ್ರೆ ರಿಮೋಟ್ ಕೈಯಲ್ಲಿದ್ರೂ ಉಪಯೋಗ ಇಲ್ಲ. ನಮ್ಮೂರಲ್ಲಿ ವಿಮಾನ ಹಾರಿಸ್ತಾರೆ ಅಂದ್ರೆ ಓಣಿ ಹುಡುಗ್ರೆಲ್ಲ ಕೆಳಗೇ ನಿಂತಿರ್ತಾರೆ!

ಅವನ ಹತ್ರ ಎರಡು ಥರದ ಹಿಂಜ್ ಇದ್ವು. ಒಂದು, ಬಟ್ಟೆಯಂಥ ನಾರಿನ ತೆಳು ಪಟ್ಟಿ. ಇದಕ್ಕೆ ನೀರಿನಂತೆ ತೆಳ್ಳಗಿರೋ ಸೈಅನೋಆಕ್ರಿಲೇಟ್ ಬೇಕು, ನಮ್ಮ ಅಂಗಡಿಗಳಲ್ಲಿ ಸಿಗೋ ಫೆವಿಕ್ವಿಕ್ ಜಾತಿಯದು. 1942ರಲ್ಲಿ ಕೊಡಕ್ ಕಂಪನಿಯ ಹ್ಯಾರಿ ಕೂವರ್ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಸಿಕ್ಕಿದ ವಸ್ತು ಇದು. ಮುಟ್ಟಿದ್ದಕ್ಕೆಲ್ಲ ಅಂಟುತ್ತೆ ಅಂತ ಆಗ ಬದಿಗಿಟ್ರು, 1958ರಲ್ಲಿ ಅದನ್ನೇ ಅಂಟು ಅಂತ ಮಾರಿದ್ರು :)

ಮೊದಲು ಎರಡೂ ಕಡೆ ಸೀಳು ಮಾಡಿ, ಪಟ್ಟಿಯ ನಡುವೆ ಗುಂಡುಪಿನ್ ಚುಚ್ಚಿ, ಅರ್ಧ ಈ ಕಡೆ ಅರ್ಧ ಆ ಕಡೆ ಕೂರಿಸಬೇಕು. ಪಿನ್ ತೆಗೆದು ಎರಡೂ ಮುಖಕ್ಕೆ ಹನಿ ಹನಿಯಾಗಿ ಬಿಟ್ರೆ, ಲಾಟೀನಿನ ಬತ್ತಿ ಸೀಮೆಎಣ್ಣೆ ಹೀರಿದ ಹಾಗೆ ನಾರು ಅಂಟನ್ನ ಒಳಗೆ ಎಳ್ಕೊಳ್ಳುತ್ತೆ. ಒಣಗೋ ತನಕ ಅಲ್ಲಾಡಿಸಬಾರದು. ಹಳೇದಾಗಿ ಮಂದ ಆದ ಅಂಟು ಒಳಗೆ ಇಳಿಯೋದೇ ಇಲ್ಲ. ಇನ್ನೊಂದು ಮಾತು: ಈ ಅಂಟು ಹತ್ತಿ ಬಟ್ಟೆ ಮೇಲೆ ಚೆಲ್ಲಿದ್ರೆ ಚರ್ಮ ಸುಡೋಷ್ಟು ಬಿಸಿಯಾಗುತ್ತೆ. ಲುಂಗಿ ಉಟ್ಟು ಈ ಕೆಲಸಕ್ಕೆ ಕೂರಬೇಡಿ.

ಎರಡನೇದು, ನಡುವೆ ಸರಳು ಇರೋ ಪ್ಲಾಸ್ಟಿಕ್ ಹಿಂಜ್. ಇದಕ್ಕೆ ಅರಾಲ್ಡೈಟ್‌ನಂಥ ಎಪಾಕ್ಸಿ ಒಳ್ಳೇದು, ಅದೂ ನಿಧಾನಕ್ಕೆ ಗಟ್ಟಿಯಾಗೋದು. ಐದು ನಿಮಿಷದ್ದಾದ್ರೆ ಸಾಲು ನೇರ ಮಾಡೋಷ್ಟರಲ್ಲಿ ಬಿಗಿದುಬಿಡುತ್ತೆ. ಪ್ಲಾಸ್ಟಿಕ್ಕನ್ನ ಉಪ್ಪುಕಾಗದದಲ್ಲಿ ಉಜ್ಜಿ, ಸರಳಿನ ಜಾಗಕ್ಕೆ ಮಾತ್ರ ಒಂಚೂರು ವ್ಯಾಸಲೀನ್ ಸವರಬೇಕು. ಅಲ್ಲಿ ಅಂಟು ಹಿಡಿಯಲ್ಲ. ನೈಲಾನ್ ಆಗಿದ್ರೆ ಎಪಾಕ್ಸಿಗೂ ಸರಿಯಾಗಿ ಅಂಟಲ್ಲ, ಅಡ್ಡಲಾಗಿ ಟೂತ್‌ಪಿಕ್ ತುಂಡು ಬಡಿದು ಅಂಟಿಸಬೇಕು.

ಫೆವಿಕಾಲ್? ಕಟ್ಟಿಗೆಗೆ ಕಟ್ಟಿಗೆ ಸೇರಿಸೋಕೆ ಚೆನ್ನ. ನುಣುಪು ಪ್ಲಾಸ್ಟಿಕ್ಕನ್ನ ಹಿಡಿಯಲ್ಲ, ಸಾಮಾನ್ಯದ್ದು ನೀರಿಗೆ ಮೆತ್ತಗಾಗುತ್ತೆ. ಕರಗಿಸಿ ಹಾಕೋ ಗ್ಲೂ ಗನ್ ಅಂಟು ಬಿಸಿಲಿಗೆ ಸಡಿಲ ಆಗುತ್ತೆ, ನಮ್ಮ ಕಡೆ ಬೇಸಿಗೆ ನಿಮಗೆ ಗೊತ್ತೇ ಇದೆ. ಓಣಿ ಹುಡುಗರ ಥರ್ಮೊಕೋಲ್ ವಿಮಾನಕ್ಕೆ ಫೆವಿಕ್ವಿಕ್ ಹಾಕಿದ್ರಂತೂ ಅದು ಥರ್ಮೊಕೋಲನ್ನೇ ಕರಗಿಸಿಬಿಡುತ್ತೆ. ಅದಕ್ಕೆ ಒಳ್ಳೆ ಟೇಪೇ ಕೀಲು.

ಇಷ್ಟೆಲ್ಲ ಮಾಡಿದ್ಮೇಲೂ ಒಂದು ಕೆಲಸ ಉಳಿಯುತ್ತೆ. ಒಂದೊಂದು ಹಿಂಜ್ ಇರೋ ಕಡೆಯೂ ಹಿಡಿದು ಜಗ್ಗಬೇಕು, ಅಯ್ಯೋ ಪಾಪ ಅನ್ನದೇ. ಅವನು ಜಗ್ಗಿದಾಗ ಎಲೆವೇಟರಿನ ಮೂರು ಹಿಂಜಲ್ಲಿ ಒಂದು ಸಲೀಸಾಗಿ ಈಚೆ ಬಂತು. ಕೊನೇ ಹಿಂಜಿಗೆ ಹೊತ್ತಿಗೆ ಟ್ಯೂಬಲ್ಲಿದ್ದ ಅಂಟು ಮುಗೀತಾ ಬಂದಿತ್ತಂತೆ, ಇದ್ದಷ್ಟೇ ಹಿಂಡಿದ್ದ. ಮುಖ ಸಣ್ಣದು ಮಾಡ್ಕೊಂಡ. ನನಗೆ ಮಾತ್ರ ಸಮಾಧಾನ ಆಯ್ತು. ಹುಡುಗ್ರ ತಲೆ ಮೇಲೆ ಕಿತ್ತು ಬರಬೇಕಾದದ್ದು ಕಟ್ಟೆ ಮೇಲೆ ಕೈಯಲ್ಲೇ ಕಿತ್ತು ಬಂತಲ್ಲ. ಹೊಸ ಟ್ಯೂಬು ಕೆಲವೇ ರೂಪಾಯಿಗೆ ಸಿಗುತ್ತೆ.