ಸೊರಬದ ಹಾದಿಯಲ್ಲಿ ಗಂಧದ ಸಸಿ

ಶಿಕಾರಿಪುರದಲ್ಲಿ ಬಸ್ಸು ಹತ್ತಿ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೊರಟವರು ಕಿಟಕಿಯ ಪಕ್ಕ ಕೂತರೆ ನೆಲ ಬದಲಾಗುವುದನ್ನು ಕಣ್ಣಾರೆ ನೋಡಬಹುದು. ಶಿಕಾರಿಪುರದ ಕಡೆ ಮೆಕ್ಕೆಜೋಳದ ಬಯಲು, ಕೆರೆ ಏರಿ, ಬಿಸಿಲು. ಸೊರಬ ಹತ್ತಿರವಾದಂತೆ ಅಡಿಕೆ ತೋಟ, ಗದ್ದೆ, ನಡುನಡುವೆ ದಟ್ಟ ಕಾನು. ಶಿರಾಳಕೊಪ್ಪದ ಆಸುಪಾಸಿನಲ್ಲೇ ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರ ದೇವಾಲಯಗಳಿವೆ. ಕದಂಬರ ಪಾಠ ಓದಿದ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯದ ತಂದೆ ತಾಯಿಯರು ಒಮ್ಮೆ ಕರೆದೊಯ್ಯಲೇಬೇಕು. ಆದರೆ ಮಳೆ ಹಿಡಿದ ಜೂನ್ ತಿಂಗಳಲ್ಲಿ ಈ ಹಾದಿಯ ಊರುಗಳ ಹಿತ್ತಿಲುಗಳೂ ನೋಡುವಂಥವೇ.

ಆಗ ಹೂಗಿಡಗಳ ಕೊಡುಕೊಳ್ಳುವಿಕೆಯ ಕಾಲ. ಬೇಲಿಯಾಚೆಯಿಂದ ಒಂದು ದಾಸವಾಳದ ಕಡ್ಡಿ ಬರುತ್ತದೆ, ಈಚೆಯಿಂದ ನಂದಿಬಟ್ಟಲಿನ ಕಡ್ಡಿ ಹೋಗುತ್ತದೆ. ನೆರಳಿರುವ ಜಾಗ ನೋಡಿ, ಎಲೆ ಸವರಿ, ಓರೆಯಾಗಿ ಊರಿದರೆ ಮುಗಿಯಿತು. ಎಲೆ ಸವರುವುದರಲ್ಲಿ ಒಂದು ಲೆಕ್ಕವಿದೆ. ಬೇರಿಲ್ಲದ ಕಡ್ಡಿ ನೀರು ಹೀರುವುದು ಕಡಿಮೆ, ಎಲೆಗಳಾದರೋ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ಎಲೆ ಕಡಿಮೆಯಾದರೆ ಖರ್ಚು ಕಡಿಮೆ. ಅಷ್ಟರಲ್ಲಿ ಗಿಣ್ಣಿನಲ್ಲಿ ಬೇರು ಒಡೆಯುತ್ತದೆ.

ಇದೇ ಬೇಲಿಯ ಬುಡದಲ್ಲಿ ಯಾರೂ ನೆಡದ ಇನ್ನೊಂದು ಸಸಿಯೂ ಹುಟ್ಟಿರುತ್ತದೆ. ಎದುರುಬದುರಾಗಿ ನುಣುಪಾದ ಎಲೆ, ಸಣ್ಣ ಕಾಂಡ. ಗಂಧದ ಕಪ್ಪು ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಬೇಲಿಯ ಮೇಲೆ ಕೂತು ಉದುರಿಸಿ ಹೋಗಿರುತ್ತವೆ. ಕಂಡ ಹುಡುಗರು ಸುಮ್ಮನಿರುವುದುಂಟೆ? ಮಣ್ಣು ಸಮೇತ ಕಿತ್ತು ತಂದು, ಅಂಗಳದ ನಡುವೆ ಕಸಕಡ್ಡಿ ತೆಗೆದು ಚೊಕ್ಕಟ ಮಾಡಿದ ಜಾಗದಲ್ಲಿ ನೆಟ್ಟು ದಿನಾ ನೀರು ಹಾಕುತ್ತಾರೆ. ದಾಸವಾಳದ ಕಡ್ಡಿ ಚಿಗುರುತ್ತದೆ, ಗಂಧದ ಸಸಿ ಹಳದಿಗೆ ತಿರುಗಿ ಒಣಗುತ್ತದೆ. ‘ನಿನ್ನ ಕೈಗುಣ ಸರಿಯಿಲ್ಲ ಮಾರಾಯ’ ಎಂದು ಮನೆಯ ಹಿರಿಯರು ನಗುತ್ತಾರೆ.

ತಪ್ಪು ಕೈಗುಣದ್ದಲ್ಲ, ಚೊಕ್ಕಟ ಮಾಡಿದ್ದರದ್ದು. ಗಂಧ ಅರೆಪರಾವಲಂಬಿ ಸಸ್ಯ. ಹಸಿರೆಲೆ ಇರುವುದರಿಂದ ಬಿಸಿಲಿನಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ನೀರಿಗೆ, ಖನಿಜಾಂಶಗಳಿಗೆ ಪಕ್ಕದ ಗಿಡಗಳನ್ನು ನೆಚ್ಚುತ್ತದೆ. ಅದರ ಬೇರುಗಳಿಂದ ಪುಟ್ಟ ಗಂಟಿನಂಥ ಚೂಷಕಗಳು ಹೊರಟು ನೆರೆಯ ಗಿಡದ ಬೇರನ್ನು ಕಚ್ಚಿ ಹೀರುತ್ತವೆ. ಈ ಗುಟ್ಟನ್ನು 1871ರಲ್ಲಿ ಜಾನ್ ಸ್ಕಾಟ್ ಎಂಬ ಸಸ್ಯವಿಜ್ಞಾನಿ ಹೊರಗೆಡಹಿದ. ಮಾವಿನ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆಯೂ ಗಂಧದ ಗಣಕ್ಕೇ ಸೇರಿದ್ದು. ಅದರ ಕಳ್ಳತನ ಕಣ್ಣಿಗೆ ಕಾಣುತ್ತದೆ, ಗಂಧದ್ದು ಮಣ್ಣಿನೊಳಗೆ. (ಬಂದಳಿಕೆ ಎಂಬ ಹೆಸರಿನ ಊರೇ ಶಿಕಾರಿಪುರ ತಾಲ್ಲೂಕಿನಲ್ಲಿದೆ, ಹಳೆಯ ಬಸದಿ, ದೇವಾಲಯಗಳಿಗೆ ಹೆಸರಾದದ್ದು.) ಬೇಲಿಯಿಂದ ಕಿತ್ತಾಗ ಸಸಿಯ ಬೇರು ಬರುತ್ತದೆ, ಕಚ್ಚಿಕೊಂಡಿದ್ದ ನೆರೆಯ ಬೇರು ಬರುವುದಿಲ್ಲ. ಬೀಜದಲ್ಲಿದ್ದ ಬುತ್ತಿ ಮುಗಿಯುವವರೆಗೆ ಅದು ಜೀವ ಹಿಡಿದಿರುತ್ತದೆ, ಅಷ್ಟೆ.

ಆದ್ದರಿಂದ ಬೇಲಿಯಲ್ಲಿ ತಾನಾಗಿ ಹುಟ್ಟಿದ ಗಂಧವನ್ನು ಅಲ್ಲೇ ಬಿಟ್ಟು, ದನ ಮೇಯದಂತೆ ಮುಳ್ಳು ಕಟ್ಟುವುದೇ ಜಾಣತನ. ಕಾಡಿನ ಸಸಿಗಂತೂ ಕೈ ಹಾಕುವಂತಿಲ್ಲ. ನೆಡಲೇಬೇಕೆಂದಿದ್ದರೆ ಸಸ್ಯಕ್ಷೇತ್ರದ ಸಸಿ ತರಬೇಕು. ಅಲ್ಲಿ ಪಾಲಿಥಿನ್ ಚೀಲದಲ್ಲಿ ಗಂಧದ ಜೊತೆಗೇ ತೊಗರಿಯಂಥ ಒಂದು ಗಿಡವನ್ನೂ ಬೆಳೆಸಿರುತ್ತಾರೆ. ಅದು ಕಳೆಯೆಂದು ಕಿತ್ತು ಬಿಸಾಡುವವರು ಬಹಳ ಮಂದಿ! ತೊಗರಿ ಗಂಧಕ್ಕಿಂತ ಎತ್ತರವಾಗಿ ನೆರಳು ಮಾಡಿದರೆ ತುದಿ ಸವರಬೇಕೇ ಹೊರತು ಕೀಳಬಾರದು. ಚೀಲ ಹರಿಯುವಾಗ ಮಣ್ಣಿನ ಹೆಂಟೆ ಒಡೆಯದ ಹಾಗೆ ಎರಡನ್ನೂ ಒಟ್ಟಿಗೆ ಒಂದೂವರೆ ಅಡಿಯ ಗುಂಡಿಗಿಳಿಸಬೇಕು. ತೊಗರಿಯ ಆಯುಸ್ಸು ಒಂದೆರಡು ವರ್ಷ. ಅದು ಸಾಯುವ ಮೊದಲೇ ನಾಲ್ಕೈದು ಅಡಿ ದೂರದಲ್ಲಿ ಹೊಂಗೆಯನ್ನೋ ಗಾಳಿಮರವನ್ನೋ ನೆಟ್ಟಿರಬೇಕು. ಗಂಧದ ಮುಂದಿನ ಬಾಳೆಲ್ಲ ಅದರ ಆಸರೆಯಲ್ಲಿ.

ಆರೈಕೆ ಮಾತ್ರ ಎರಡು ತಾಲ್ಲೂಕುಗಳಿಗೆ ಒಂದೇ ಆಗಲಾರದು. ಶಿಕಾರಿಪುರದ ಬಯಲಿನಲ್ಲಿ ಮೊದಲ ಬೇಸಿಗೆಗೆ ಸ್ವಲ್ಪ ನೆರಳು, ವಾರಕ್ಕೆರಡು ಸಲ ನೀರು ಬೇಕಾದೀತು. ಸೊರಬದ ಕಡೆ ಶತ್ರು ಮಳೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಇಳಿಜಾರು ನೋಡಿ ನೆಡಬೇಕು, ಅಡಿಕೆ ತೋಟದ ನೆರಳಿಗೆ ತಳ್ಳಬಾರದು. ಬೇರೂರಿದ ಮೇಲೆ ಗಂಧಕ್ಕೆ ಬಿಸಿಲು ಬೇಕೇ ಬೇಕು.

ಇಷ್ಟೆಲ್ಲ ಉಪಚಾರ ಯಾಕೆ ಎನ್ನುವವರು ಸೊರಬದಲ್ಲಿ ಗುಡಿಗಾರರ ಮನೆಯ ಜಗುಲಿಗೆ ಹೋಗಿ ನೋಡಬೇಕು. ಗಂಧದ ತುಂಡಿನಲ್ಲಿ ಬಳ್ಳಿ, ಹಕ್ಕಿ, ದೇವರನ್ನು ಬಿಡಿಸುವ ಈ ಮನೆತನಗಳು ಸೊರಬ, ಸಾಗರದ ಹೆಸರನ್ನು ದೂರದೂರಕ್ಕೆ ಒಯ್ದವು. ಕೈಯಲ್ಲಿ ಕಸುಬಿದೆ, ಮರ ಸಿಗುವುದು ದುರ್ಲಭ. ಉಳಿ ಈಗ ಶಿವನಿ, ತೇಗದಂಥ ಮರಗಳತ್ತ ತಿರುಗಿದೆ. ಕಳ್ಳರ ಕೊಡಲಿ, 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಿದ ಸ್ಪೈಕ್ ರೋಗ ಇವೆರಡೂ ಸೇರಿ ಗಂಧವನ್ನು ಬರಿದು ಮಾಡಿದವು. ಕಾನೂನಿನ ಪಾಲೂ ಇಲ್ಲದಿಲ್ಲ. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷವೆಂದು ಸಾರಿದ. ಅಲ್ಲಿಂದ ಮುಂದೆ ಮರ ಯಾರ ಹಿತ್ತಿಲಲ್ಲಿದ್ದರೂ ಸರ್ಕಾರದ್ದೇ. ತಮ್ಮದಲ್ಲದ ಮರಕ್ಕೆ ಕಾವಲು ಯಾರು ಕಾಯುತ್ತಾರೆ? ಮೊಳಕೆಯಲ್ಲೇ ಚಿವುಟಿ ಎಸೆದವರಿದ್ದರು. 2001ರ ತಿದ್ದುಪಡಿಯ ನಂತರ ಜಮೀನಿನ ಒಡೆಯನೇ ಮರದ ಒಡೆಯ. ಕಡಿಯುವುದಕ್ಕೆ, ಸಾಗಿಸುವುದಕ್ಕೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕು.

ಗಂಧದಲ್ಲಿ ಪರಿಮಳದ ಚೇಗು ಕೂಡಲು ಶುರುವಾಗುವುದಕ್ಕೇ ಸುಮಾರು ಹತ್ತು ವರ್ಷ, ಒಳ್ಳೆಯ ಮರವಾಗಲು ಮೂವತ್ತು ವರ್ಷ. ಏಳನೇ ತರಗತಿಯ ಹುಡುಗಿ ಈ ಮಳೆಗಾಲದಲ್ಲಿ ನೆಟ್ಟ ಸಸಿ ಗುಡಿಗಾರರ ಉಳಿಗೆ ಸಿಗುವ ಹೊತ್ತಿಗೆ ಅವಳ ಮಕ್ಕಳು ಶಾಲೆಯಲ್ಲಿರುತ್ತಾರೆ. ಸದ್ಯಕ್ಕೆ ಅವಳು ಮಾಡಬೇಕಾದದ್ದು ಇಷ್ಟೆ: ಪಕ್ಕದ ತೊಗರಿಯನ್ನು ಯಾರೂ ಕೀಳದ ಹಾಗೆ ನೋಡಿಕೊಳ್ಳುವುದು.